ಹೂವಿಲ್ಲ, ಬೀಜ ಉಂಟು!

ಮಕ್ಕಳೇ, ನಿಮ್ಮ ಪುಸ್ತಕದ ಹಾಳೆಗಳ ನಡುವೆ ಬೀಸಣಿಗೆಯಂಥ ಹಸಿರು ಎಲೆಯೊಂದು ಇದೆಯೇ? ಅದನ್ನು ಇಟ್ಟುಕೊಂಡರೆ ವಿದ್ಯೆ ತಲೆಗೆ ಹತ್ತುತ್ತದೆ ಎಂಬ ನಂಬಿಕೆ ಇಂದಿನದಲ್ಲ. ನಿಮ್ಮ ಅಜ್ಜ-ಅಜ್ಜಿಯರೂ ಶಾಲೆಗೆ ಹೋಗುವಾಗ ನವಿಲುಗರಿಯ ಜೊತೆ ಅದನ್ನು ಇಟ್ಟುಕೊಂಡಿರಬಹುದು, ಕೇಳಿ ನೋಡಿ! ಅದೇ ‘ವಿದ್ಯಾ ಗಿಡ’. ಪಾಠದಲ್ಲಿ ಬರುವ ಹೆಸರು ಥೂಜಾ.

“ಅಜ್ಜಾ, ಇದು ಯಾವಾಗ ಹೂ ಬಿಡತೈತಿ?” ಎಂದು ಸದಲಗಾದ ಮೊಮ್ಮಗಳೊಬ್ಬಳು ಕೇಳಿದರೆ ಅಜ್ಜ ಏನು ಹೇಳಬೇಕು?

ದೂಧಗಂಗಾ ದಂಡೆಯ ಹೊಲಗಳಲ್ಲಿ ಹೂವಿಗೆ ಬರವಿಲ್ಲ. ಶೇಂಗಾಕ್ಕೆ ಹಳದಿ ಹೂ, ಬದನೆಗೆ ನೇರಳೆ ಹೂ. ಕಬ್ಬಿನ ಸೂಲಂಗಿಯೂ ಹೂವಿನ ಗೊಂಚಲೇ. ಅತ್ತಿಯ ಹೂವನ್ನು ಕಂಡವರಿಲ್ಲ ಎನ್ನುತ್ತಾರೆ. ಎಳೆಯ ಅತ್ತಿಕಾಯಿ ಸೀಳಿದರೆ ಒಳಗೆಲ್ಲ ಪುಟ್ಟ ಪುಟ್ಟ ಹೂಗಳೇ! ಥೂಜಾ ಮಾತ್ರ ಎಂದೂ ಹೂ ಬಿಡುವುದಿಲ್ಲ. ಆದರೂ ಬೀಜ ಕಟ್ಟುತ್ತದೆ.

ಅದು ಹೇಗೆ? ಥೂಜಾದ ರೆಂಬೆಗಳ ತುದಿಯಲ್ಲಿ ಶಂಕು ಎಂಬ ಸಣ್ಣ ಗಂಟುಗಳಿರುತ್ತವೆ. ಗಂಡು ಶಂಕುವಿನಿಂದ ಹಳದಿ ಪರಾಗದ ಪುಡಿ ಗಾಳಿಗೆ ಹಾರುತ್ತದೆ. ಹೆಣ್ಣು ಶಂಕುವಿನಲ್ಲಿ ಬೀಜವಾಗಲಿರುವ ಅಂಡಕದ ತುದಿಯಲ್ಲಿ ಅಂಟಾದ ಹನಿಯೊಂದು ಕಾದಿರುತ್ತದೆ. ಪರಾಗ ಅದಕ್ಕೆ ಅಂಟಿಕೊಂಡು ಒಳಗೆ ಸೇರುತ್ತದೆ. ದುಂಬಿಯನ್ನು ಕರೆಯುವ ಬಣ್ಣವೂ ಬೇಡ, ಜೇನೂ ಬೇಡ.

ಶೇಂಗಾ ಬೀಜಕ್ಕೆ ಸಿಪ್ಪೆಯ ಮನೆ ಇದೆ, ಪೇರಲ ಬೀಜಕ್ಕೆ ತಿರುಳಿನ ಹೊದಿಕೆ ಇದೆ. ಇವೆರಡೂ ಹೂವಿನ ಅಂಡಾಶಯದಿಂದ ಬಂದವು. ಹೂವೇ ಇಲ್ಲದ ಥೂಜಾಕ್ಕೆ ಹಣ್ಣೂ ಇಲ್ಲ. ಬೀಜ ಶಂಕುವಿನ ಎಸಳುಗಳ ಮೇಲೆ ಬರಿದಾಗಿ ಕುಳಿತಿರುತ್ತದೆ. ಆದ್ದರಿಂದ ಇಂಥವನ್ನು ‘ಅನಾವೃತಬೀಜ ಸಸ್ಯಗಳು’ ಎನ್ನುತ್ತಾರೆ. ಜರಿಗಿಡಗಳಿಗೂ ಹೂವಿಲ್ಲ, ಆದರೆ ಅವಕ್ಕೆ ಬೀಜವೂ ಇಲ್ಲ. ಅವು ಬೇರೆ ಬಳಗ.

ಇದು ಬಲು ಹಳೆಯ ವಂಶ. ಭೂಮಿಯ ಮೇಲೆ ಮೊದಲ ಹೂವು ಅರಳುವ ಕೋಟ್ಯಂತರ ವರ್ಷ ಮೊದಲೇ, ಡೈನೋಸಾರ್‌ಗಳಿಗೂ ಮುಂಚೆ, ಇವು ಇದ್ದವು. ಇಂದು ಹೂಬಿಡುವ ಸಸ್ಯಗಳಲ್ಲಿ ಸುಮಾರು 3 ಲಕ್ಷ ಜಾತಿಗಳಿದ್ದರೆ, ಇವುಗಳಲ್ಲಿ ಉಳಿದಿರುವುದು ಹೆಚ್ಚುಕಡಿಮೆ 1,000 ಮಾತ್ರ. ಆದರೆ ಒಂದೊಂದೂ ಒಂದೊಂದು ಅಚ್ಚರಿ! ಅಮೆರಿಕದ ರೆಡ್‌ವುಡ್ 115 ಮೀಟರ್ ಎತ್ತರ ಬೆಳೆದಿದೆ. ಆಫ್ರಿಕದ ನಮೀಬ್ ಮರುಭೂಮಿಯ ವೆಲ್ವಿಷಿಯಾ ತನ್ನ ಜೀವಮಾನವಿಡೀ ಎರಡೇ ಎಲೆಗಳನ್ನು ಬೆಳೆಸುತ್ತ ಹೋಗುತ್ತದೆ. 1945ರಲ್ಲಿ ಹಿರೋಷಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಸುಟ್ಟುಹೋದ ಗಿಂಕ್ಗೊ ಮರಗಳು ಮತ್ತೆ ಚಿಗುರಿದವು.

ಅಜ್ಜಿಯ ದೇವರ ಕೋಣೆಗೂ ಈ ಬಳಗದ ನಂಟಿದೆ. ಇಂದು ಅಂಗಡಿಯಲ್ಲಿ ಸಿಗುವ ಕರ್ಪೂರದಲ್ಲಿ ಹೆಚ್ಚಿನದು ಪೈನ್ ಮರದ ಅಂಟಿನಿಂದ ತೆಗೆದ ಟರ್ಪೆಂಟೈನ್ ಎಣ್ಣೆಯಿಂದ ತಯಾರಾಗುತ್ತದೆ. ಹಿಮಾಲಯದ ದೇವದಾರುವೂ ಪೈನ್‌ನ ಹತ್ತಿರದ ಬಂಧು.

ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಒಬ್ಬ ಬಂಧು ಇದ್ದಾನೆ. ಅವನ ಹೆಸರು ಸೈಕಾಸ್. ನೋಡಲು ಸಣ್ಣ ತೆಂಗಿನ ಮರದಂತೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎರಡೂ ಹತ್ತಿರವಿದ್ದರೆ ಮಾತ್ರ ಬೀಜ. ಬೆಳವಣಿಗೆಯೋ ಬಲು ನಿಧಾನ. ಕಾಡು ಕಡಿದಂತೆ, ಅಲಂಕಾರಕ್ಕೆ ಎಲೆ, ಔಷಧಕ್ಕೆ ಕಾಂಡದ ತಿರುಳು ಕಿತ್ತಂತೆ ಈ ಸೈಕಾಸ್ ಇಂದು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿದೆ. ಡೈನೋಸಾರ್‌ಗಳ ಕಾಲ ದಾಟಿ ಬಂದ ವಂಶ ನಮ್ಮ ಕಾಲವನ್ನೂ ದಾಟಬೇಕಲ್ಲವೇ?

ಈ ವಾರ ಅಜ್ಜನ ಜೊತೆ ಒಂದು ಕೆಲಸ ಮಾಡಿ. ಥೂಜಾದ ಬಲಿತ ಶಂಕು ಒಂದನ್ನು ಬಿಸಿಲಿಗಿಡಿ. ಒಣಗಿದಂತೆ ಅದು ಎಸಳು ಎಸಳಾಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ಎಷ್ಟು ಬೀಜ ಸಿಕ್ಕವು? ಎಣಿಸಿ ಬರೆದಿಡಿ. ಬಾಯಿಗೆ ಮಾತ್ರ ಹಾಕಿಕೊಳ್ಳಬೇಡಿ! ಒಂದೆರಡನ್ನು ಕುಂಡದಲ್ಲಿ ಬಿತ್ತಿ ನೋಡಿ. ಪುಸ್ತಕದ ಎಲೆ ಅಲ್ಲೇ ಇರಲಿ. ಅದರ ಪಕ್ಕದ ಹಾಳೆಯಲ್ಲಿ ನೀವು ಕಂಡದ್ದೂ ಇರಲಿ.