ಊರಿನ ಕಲ್ಲೂ ಒಂದು ಅಮಾನತ್

(ಜುಮಾ ಖುತ್ಬಾದ ಸಾರಾಂಶ)



ಅಮಾನತ್ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಹಣ, ಒಡವೆ, ಮನೆಯ ಪತ್ರ. ಒಬ್ಬರು ನಂಬಿ ಕೊಟ್ಟದ್ದನ್ನು ಅವರು ಕೇಳಿದ ದಿನ ಹಾಗೆಯೇ ಹಿಂದಿರುಗಿಸುವುದು ನಮ್ಮ ಮೇಲಿನ ಹೊಣೆ. ಆದರೆ ಇನ್ನೊಂದು ಬಗೆಯ ಅಮಾನತ್ ಇದೆ. ಕೊಟ್ಟವರು ತೀರಿಕೊಂಡು ನೂರಾರು ವರ್ಷಗಳಾಗಿವೆ, ಪಡೆಯಬೇಕಾದವರು ಇನ್ನೂ ಹುಟ್ಟಿಲ್ಲ, ವಸ್ತು ಮಾತ್ರ ಸದ್ಯಕ್ಕೆ ನಮ್ಮ ಕೈಯಲ್ಲಿದೆ. ಊರಿನ ಹಳೆಯ ಕಟ್ಟಡ, ಶಾಸನದ ಕಲ್ಲು, ಕೋಟೆಯ ಗೋಡೆ, ಮಸೀದಿಯ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದ ಇವೆಲ್ಲ ಆ ಬಗೆಯವು. ಕೇಳಲು ಬರುವವರು ಯಾರೂ ಇಲ್ಲದ ಕಾರಣ ಇವುಗಳ ವಿಷಯದಲ್ಲಿ ಖಿಯಾನತ್ ಮಾಡುವುದು ತೀರಾ ಸುಲಭ.

ಬೇಗೂರಿನಲ್ಲಿ ಕುಳಿತು ಈ ಮಾತು ಹೇಳಲು ಕಾರಣವಿದೆ. ಹೊಸೂರು ರಸ್ತೆ, ಎಲೆಕ್ಟ್ರಾನಿಕ್ ಸಿಟಿಯ ಕೆಲಸಗಳು ಹೆಚ್ಚಿದಂತೆ ಇಲ್ಲಿ ತೋಟ, ಹೊಲಗಳೆಲ್ಲ ಲೇಔಟ್ ಆದವು. ಪ್ರತಿದಿನ ಎಲ್ಲೋ ಒಂದು ಕಡೆ ಪಾಯ ತೋಡುತ್ತಿರುತ್ತಾರೆ. ತೋಡುವವರಲ್ಲಿ ನಮ್ಮವರೂ ಇದ್ದಾರೆ: ಜೆಸಿಬಿ ಓಡಿಸುವವರು, ಟಿಪ್ಪರ್ ಚಾಲಕರು, ಗಾರೆ ಕೆಲಸದವರು, ಗ್ರಾನೈಟ್ ಕತ್ತರಿಸುವವರು, ಗುಜರಿ ಅಂಗಡಿಯವರು. ಈ ಊರಿನ ಮಣ್ಣಿನಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿಯಬೇಕಾದವರು ಅವರೇ.

ಬೇಗೂರಿನ ಹಳೆಯ ಹೆಸರು ಬೆಂಪೂರು. ಗಂಗ ಅರಸರ ಕಾಲದಲ್ಲಿ ಇದು ಹನ್ನೆರಡು ಹಳ್ಳಿಗಳಿಗೆ ಮುಖ್ಯ ಊರು. ನಾಗತ್ತರನೆಂಬ ನಾಯಕ ಇಲ್ಲಿಯವನು. ಗಂಗ ಅರಸ ಎರೆಯಪ್ಪನ ಪರವಾಗಿ ನಡೆದ ಕಾಳಗದಲ್ಲಿ ಒಬ್ಬ ನಾಗತ್ತರ ಮಡಿದ, ಅವನ ಪಟ್ಟವೂ ಬೆಂಪೂರು ಹನ್ನೆರಡೂ ಮತ್ತೊಬ್ಬನಿಗೆ ಸಂದವು ಎಂದು ತಿಳಿಸುವ ವೀರಗಲ್ಲು ಬೇಗೂರಿನಲ್ಲೇ ಸಿಕ್ಕಿತು. ಆನೆ, ಕುದುರೆ, ಕಾಲಾಳುಗಳ ಕಾಳಗವನ್ನು ಕೆತ್ತಿರುವ ಆ ದೊಡ್ಡ ಕಲ್ಲು ಈಗ ಬೆಂಗಳೂರಿನ ಕಸ್ತೂರ ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನೊಂದು ಕಲ್ಲು ನಾಗೇಶ್ವರ ದೇವಸ್ಥಾನದ ಆವರಣದಲ್ಲೇ ಇದೆ. ಗಾತ್ರದಲ್ಲಿ ಚಿಕ್ಕದು, ಬರಹ ಕೆಲವೇ ಸಾಲು, ಹಳಗನ್ನಡ. ನಾಗತ್ತರನ ಕಡೆಯವರು ‘ಬೆಂಗಳೂರ’ ಕಾಳಗದಲ್ಲಿ ಸತ್ತರು ಎಂಬುದು ಅದರ ಸಾರ. ಕಾಲ ಸುಮಾರು ಕ್ರಿ.ಶ. 890. ಬೆಂಗಳೂರು ಎಂಬ ಹೆಸರು ಬರಹದಲ್ಲಿ ಕಾಣಿಸಿಕೊಂಡ ಅತಿ ಹಳೆಯ ಕಲ್ಲುಗಳಲ್ಲಿ ಇದು ಪ್ರಸಿದ್ಧವಾದದ್ದು.

ಇದರಿಂದ ಏನಾಯಿತು ನೋಡಿ. ಹೊಯ್ಸಳ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿ ಬಂದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂಬ ಕಥೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ವೀರಬಲ್ಲಾಳನಿಗಿಂತ ಸುಮಾರು 300 ವರ್ಷ ಮೊದಲೇ, ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸುವುದಕ್ಕಿಂತ ಸುಮಾರು 650 ವರ್ಷ ಮೊದಲೇ ಆ ಹೆಸರು ಇತ್ತು ಎಂದು ಬೇಗೂರಿನ ಕಲ್ಲು ಸಾಕ್ಷಿ ನುಡಿಯಿತು. ಅದನ್ನು ಯಾರೋ ಒಡೆದು ಪಾಯಕ್ಕೆ ಹಾಕಿದ್ದರೆ? ಬಟ್ಟೆ ಒಗೆಯುವ ಕಲ್ಲಾಗಿ ಅಕ್ಷರ ಸವೆದಿದ್ದರೆ? ಒಂದು ಮಹಾನಗರದ ಹೆಸರಿನ ಸಾಕ್ಷಿ ಇಲ್ಲವಾಗುತ್ತಿತ್ತು, ಇಲ್ಲವಾಯಿತೆಂದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಇದು ಬರೀ ಊಹೆಯ ಮಾತಲ್ಲ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಇಂಥ ಊರಿನ ಇಂಥ ಜಾಗದಲ್ಲಿ ಇಂಥ ಕಲ್ಲಿದೆ ಎಂದು ಅದರಲ್ಲಿ ಬರೆದಿದೆ. ಇಂದು ಆ ಪುಸ್ತಕ ಹಿಡಿದು ಹೋದರೆ ಎಷ್ಟೋ ಕಡೆ ಕಲ್ಲೇ ಇಲ್ಲ. ರಸ್ತೆ ಅಗಲವಾಯಿತು, ಮೋರಿ ಬಂತು, ಅಪಾರ್ಟ್‌ಮೆಂಟ್ ಎದ್ದಿತು. ಕಲ್ಲು ಎಲ್ಲಿ ಹೋಯಿತೆಂದು ಕೇಳಿದರೆ ಹೇಳುವವರಿಲ್ಲ.

ಬೇರೆ ರೀತಿಯ ಉದಾಹರಣೆಯೂ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಪತ್ತೆಯಾಯಿತು. ಗಂಗ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಊರನ್ನು ಕಾಯಲು ಹೋರಾಡಿ ಸತ್ತ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಶಾಸನಗಳ ಮೇಲೆ ಪ್ರೀತಿಯಿರುವ ಸಾಮಾನ್ಯ ನಾಗರಿಕರು ಸೇರಿ ಅದನ್ನು ಎತ್ತಿ ನಿಲ್ಲಿಸಿದರು, ಜನರ ದೇಣಿಗೆಯಿಂದ ಮಂಟಪ ಕಟ್ಟಿಸಿದರು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಇಂಥ ಕಲ್ಲುಗಳನ್ನು ಹುಡುಕಿ, ಅಕ್ಷರ ಅಕ್ಷರವನ್ನೂ ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡುತ್ತಿದ್ದಾರೆ. ಕಲ್ಲು ನಾಳೆ ಸವೆದರೂ ಓದು ಉಳಿಯಲಿ ಎಂಬುದು ಉದ್ದೇಶ.

ಇಲ್ಲಿ ಕೆಲವರು ಕೇಳುತ್ತಾರೆ: ‘ಹಝ್ರತ್, ಅದು ದೇವಸ್ಥಾನದ ಕಲ್ಲು. ಅದರ ಮೇಲೆ ಚಿತ್ರಗಳಿವೆ. ಅದನ್ನು ಉಳಿಸುವುದು ನಮ್ಮ ಕೆಲಸವೇ? ಅದು ತೌಹೀದಿಗೆ ವಿರೋಧವಲ್ಲವೇ?’ ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರ ಕೊಡಬೇಕು. ಆರಾಧನೆ ಬೇರೆ, ರಕ್ಷಣೆ ಬೇರೆ. ನೆರೆಯವನ ಮನೆಗೆ ಬೆಂಕಿ ಬಿದ್ದಾಗ ಆರಿಸುವವನು ಅವನ ಧರ್ಮಕ್ಕೆ ಸೇರಿದಂತಾಗುವುದಿಲ್ಲ. ಇತರರ ಆರಾಧನಾ ಸ್ಥಳಗಳಿಗೆ ಕೈ ಹಾಕುವ ಹಕ್ಕು ನಮಗಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಇನ್ನು ವೀರಗಲ್ಲು ಮತ್ತು ಶಾಸನ ಮೂಲತಃ ದಾಖಲೆಗಳು: ಯಾರು ಸತ್ತರು, ಯಾವ ಊರು ಯಾರಿಗೆ ಸಂದಿತು, ಕೆರೆಗೆ ಯಾರು ದಾನ ಕೊಟ್ಟರು ಎಂಬ ಲೆಕ್ಕ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿ ಏನಾಯಿತೆಂದು ನೋಡಿ ತಿಳಿಯುವಂತೆ ಪವಿತ್ರ ಕುರ್‌ಆನ್ ಹಲವು ಕಡೆ ಹೇಳುತ್ತದೆ. ಹಿಂದಿನವರ ಗುರುತನ್ನೆಲ್ಲ ಅಳಿಸಿಬಿಟ್ಟರೆ ನೋಡುವುದಾದರೂ ಏನನ್ನು?

ಮದೀನಾದಲ್ಲಿ ‘ಆತಾಮ್’ ಎಂಬ ಹಳೆಯ ಕೋಟೆಮನೆಗಳಿದ್ದವು. ಇಸ್ಲಾಮಿಗಿಂತ ಮೊದಲಿನವು. ಅವುಗಳನ್ನು ಕೆಡವುವುದನ್ನು ಪ್ರವಾದಿವರ್ಯರು(ಸ) ತಡೆದರು, ಅವು ಊರಿನ ಶೋಭೆ ಎಂದು ಕಾರಣ ಕೊಟ್ಟರು ಎಂಬ ವರದಿ ಇಬ್ನು ಉಮರ್(ರ) ಅವರಿಂದ ಬಂದಿದ್ದು, ಇಮಾಮ್ ತಹಾವಿ ಅದನ್ನು ಉಲ್ಲೇಖಿಸಿದ್ದಾರೆ. ಊರಿಗೆ ಒಂದು ಶೋಭೆಯಿದೆ, ಅದನ್ನು ಉಳಿಸಬೇಕು ಎಂಬ ಮಾತು ನಮಗೆ ಹೊರಗಿನಿಂದ ಬಂದದ್ದಲ್ಲ.

ಇನ್ನೊಂದು ಭಯ ಇದೆ, ಅದನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ‘ಕಲ್ಲು ಸಿಕ್ಕಿತೆಂದು ತಿಳಿಸಿದರೆ ಸೈಟು ಹೋಗುತ್ತದೆ, ಕೆಲಸ ನಿಲ್ಲುತ್ತದೆ, ಅದೂ ನಮ್ಮವರ ಜಾಗದಲ್ಲಿ ಸಿಕ್ಕಿದರೆ ಗಲಾಟೆಯಾಗುತ್ತದೆ.’ ಕೆಲಸ ಕೆಲವು ದಿನ ತಡವಾಗಬಹುದು, ಅದು ನಿಜ. ಆದರೆ ಒಂದು ಶಾಸನದ ಕಲ್ಲು ಸಿಕ್ಕಿದ ಮಾತ್ರಕ್ಕೆ ಜಾಗದ ಮಾಲೀಕತ್ವ ಬದಲಾಗುವುದಿಲ್ಲ. ಯಾವುದೇ ಸ್ಥಳವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಲು ಸರ್ಕಾರ ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆಗೆ ಅವಕಾಶ ಕೊಡಬೇಕು. ಗಲಾಟೆಯ ವಿಷಯಕ್ಕೆ ಬಂದರೆ, ಮುಚ್ಚಿಟ್ಟದ್ದು ಆಮೇಲೆ ಹೊರಬಂದಾಗಲೇ ಅನುಮಾನ ಹುಟ್ಟುವುದು. ನಾಲ್ಕು ಜನರ ಮುಂದೆ ಹಗಲಿನಲ್ಲಿ ತಿಳಿಸಿದವನ ಮೇಲೆ ಬೆರಳು ತೋರಿಸುವುದು ಕಷ್ಟ.

ಹಾಗಾದರೆ ಮಾಡಬೇಕಾದದ್ದೇನು? ಅಗೆಯುವಾಗ ಅಕ್ಷರ ಅಥವಾ ಕೆತ್ತನೆ ಇರುವ ಕಲ್ಲು ಕಂಡರೆ ಬಕೆಟ್ಟನ್ನು ನಿಲ್ಲಿಸಿ. ಕಲ್ಲನ್ನು ಎತ್ತುವ ಮೊದಲೇ ಅದು ಇದ್ದ ಸ್ಥಿತಿಯಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎಷ್ಟು ಆಳದಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಎಂಬುದೂ ಗೊತ್ತಾಗಲಿ. ಕಲ್ಲಿನ ಬೆಲೆಯಲ್ಲಿ ಅರ್ಧ ಅದು ನಿಂತ ಜಾಗದಲ್ಲಿದೆ. ಯಾವ ಊರಿನದೆಂದು ತಿಳಿಯದ ಶಾಸನ ವಿಳಾಸವಿಲ್ಲದ ಕಾಗದದಂತೆ. ತಂತಿ ಬ್ರಷ್‌ನಿಂದ ಉಜ್ಜಬೇಡಿ, ಆಸಿಡ್ ಹಾಕಬೇಡಿ, ಅಕ್ಷರ ಕಾಣಲೆಂದು ಪೇಂಟ್ ಬಳಿಯಬೇಡಿ. ನಂತರ ತಹಸೀಲ್ದಾರರ ಕಚೇರಿಗೆ ಅಥವಾ ರಾಜ್ಯದ ಪುರಾತತ್ವ ಇಲಾಖೆಗೆ ಬರಹದಲ್ಲಿ ತಿಳಿಸಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.

ಮಾರುವ ಆಸೆ ಬೇಡ. ಫಾರ್ಮ್‌ಹೌಸಿನ ಅಲಂಕಾರಕ್ಕೆ ಹಳೆಯ ಕಲ್ಲು, ಕಂಬ ಕೇಳಿಕೊಂಡು ಬರುವವರಿದ್ದಾರೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಶಾಸನಗಳು ಪುರಾತನ ವಸ್ತುಗಳು. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವುದು ಅಪರಾಧ. ಗುಜರಿ ಮತ್ತು ಹಳೆ ಸಾಮಾನಿನ ವ್ಯಾಪಾರದಲ್ಲಿರುವ ಸಹೋದರರು ಇದನ್ನು ವಿಶೇಷವಾಗಿ ಗಮನಿಸಬೇಕು. ತನ್ನದಲ್ಲದ್ದನ್ನು ಮಾರಿ ಬಂದ ಹಣ ಹಲಾಲ್ ಆಗುವುದು ಹೇಗೆ?

ಇಷ್ಟು ಹೊರಗಿನ ಮಾತಾಯಿತು. ನಮ್ಮ ಸ್ವಂತ ವಶದಲ್ಲಿರುವುದರ ಕಡೆಗೂ ನೋಡೋಣ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾದ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು, ಈಗ ನಿಂತಿರುವುದು ಒಂದೇ. ಅಲ್ಲಿ ಉಳಿದಿರುವ ಬಣ್ಣದ ಹೆಂಚಿನ ಅಕ್ಷರಗಳನ್ನು ನೋಡಿದವರಿಗೆ ಕಳೆದುಹೋದದ್ದು ಎಷ್ಟೆಂದು ಅರ್ಥವಾಗುತ್ತದೆ. ಅದು ಸ್ಫೋಟದಲ್ಲಿ ಹೋಯಿತು. ನಮ್ಮ ಸಣ್ಣ ಊರುಗಳ ಹಳೆಯ ಮಸೀದಿಗಳನ್ನು ನಾವೇ, ಅದೂ ಸವಾಬಿನ ಆಸೆಯಿಂದ, ಕೆಡವುತ್ತಿದ್ದೇವೆ.

ಜಮಾಅತ್ ಬೆಳೆದಿದೆ, ಜಾಗ ಸಾಲದು, ಇದು ನ್ಯಾಯವಾದ ಅಗತ್ಯ. ಆದರೆ ಪಕ್ಕದಲ್ಲಿ ಜಾಗವಿದ್ದರೂ ಹಳೆಯ ಸುಣ್ಣದ ಗಾರೆಯ ಗುಂಬಜ್ ಒಡೆದೇ ಆರ್‌ಸಿಸಿ ಹಾಕಬೇಕೆಂದಿಲ್ಲ. ಒಳ ಕಟ್ಟಡ ಉಳಿಸಿ ಸುತ್ತ ವಿಸ್ತರಿಸಲು ಆಗುತ್ತದೆಯೇ ಎಂದು ಮೊದಲು ತಿಳಿದವರನ್ನು ಕೇಳಿ. ದುರಸ್ತಿ ಮಾಡುವಾಗಲೂ ಸುಣ್ಣದ ಗೋಡೆಗೆ ಸಿಮೆಂಟ್ ಬಳಿಯಬೇಡಿ. ಸುಣ್ಣದ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ; ಸಿಮೆಂಟ್ ಅದನ್ನು ತಡೆಯುತ್ತದೆ. ತೇವ ಒಳಗೇ ಉಳಿದು, ಉಪ್ಪು ಎದ್ದು, ಕೆಲವು ಮಳೆಗಾಲಗಳಲ್ಲಿ ಗೋಡೆ ಪುಡಿಯಾಗುತ್ತದೆ. ಆಗ ‘ಹಳೆಯದು, ಶಿಥಿಲ’ ಎಂದು ನಾವೇ ಹೇಳುತ್ತೇವೆ. ಕೆಡವಲೇಬೇಕಾದ ಸ್ಥಿತಿಯಿದ್ದರೆ ಮೊದಲು ಅಳತೆ, ಫೋಟೋ ತೆಗೆದಿಡಿ. ಫಾರ್ಸಿ, ಉರ್ದು, ಕನ್ನಡ ಯಾವ ಬರಹದ ಕಲ್ಲಿದ್ದರೂ ಹೊಸ ಗೋಡೆಯಲ್ಲಿ ಎಲ್ಲರಿಗೂ ಕಾಣುವಂತೆ ಕೂರಿಸಿ.

ಕಾಗದಗಳ ವಿಷಯದಲ್ಲಿ ಮುತವಲ್ಲಿಗಳಿಗೆ ಒಂದು ವಿನಂತಿ. ವಕ್ಫ್‌ನಾಮ, ಇನಾಮಿನ ಸನದು, ಹಳೆಯ ಲೆಕ್ಕದ ಪುಸ್ತಕ, ಕಬರ್‌ಸ್ತಾನದ ದಾಖಲೆ ಇವು ಗೆದ್ದಲಿಗೆ ಆಹಾರವಾಗುತ್ತಿವೆ. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಅಂಟಿಸಬೇಡಿ. ಕಾಗದ ಬೇಗ ಹಾಳಾಗುತ್ತದೆ. ಬಿಸಿಲು, ತೇವ ಇಲ್ಲದ ಕಡೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ, ಸ್ಕ್ಯಾನ್ ಮಾಡಿಸಿ ಎರಡು ಮೂರು ಕಡೆ ಪ್ರತಿ ಇಡಿ. ಫಾರ್ಸಿ ಓದಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರಿಂದ ಓದಿಸಿ, ಕನ್ನಡದಲ್ಲಿ ಅರ್ಥ ಬರೆಸಿಕೊಳ್ಳಿ. ನಾಳೆ ಜಾಗದ ತಕರಾರು ಬಂದಾಗ ಕೋರ್ಟು ಕೇಳುವುದೂ ಇದೇ ಕಾಗದವನ್ನು.

ಕೊನೆಯದಾಗಿ ತಂದೆತಾಯಿಯರಿಗೆ. ರಜೆಯಲ್ಲಿ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುತ್ತೀರಿ. ಒಂದು ದಿನ ಕಸ್ತೂರ ಬಾ ರಸ್ತೆಗೆ ಕರೆದೊಯ್ಯಿರಿ. ಆ ದೊಡ್ಡ ಕಲ್ಲನ್ನು ತೋರಿಸಿ, ‘ಇದು ನಮ್ಮ ಬೇಗೂರಿನಿಂದ ಬಂದದ್ದು’ ಎಂದು ಹೇಳಿ. ‘ನಮ್ಮ’ ಎಂಬ ಆ ಮಾತನ್ನು ಮಗು ಒಮ್ಮೆ ಕಲಿತರೆ, ದೊಡ್ಡವನಾಗಿ ಜೆಸಿಬಿಯ ಮೇಲೆ ಕುಳಿತರೂ, ಎಂಜಿನಿಯರ್ ಆಗಿ ನಕ್ಷೆ ಬರೆದರೂ, ಅವನ ಕೈ ಸರಿಯಾದ ಜಾಗದಲ್ಲಿ ತಡೆಯುತ್ತದೆ.

ನಮ್ಮ ವಶಕ್ಕೆ ಬಂದ ಪ್ರತಿಯೊಂದು ಅಮಾನತ್ತನ್ನೂ ಮುಂದಿನವರಿಗೆ ಪೂರ್ಣವಾಗಿ ತಲುಪಿಸುವ ತೌಫೀಕ್ ಅನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.