ಟರ್ಬೋ ಕಾರಿನ ಪ್ಲಗ್ಗು: ಮನೆಯಲ್ಲೇ ಬದಲಿಸುವ ಬಗೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬೇಸಾಯಗಾರನಿಗೆ ಯಂತ್ರವೆಂಬುದು ಹೊಸದಲ್ಲ. 1920ರಲ್ಲಿ ಜಿ. ಡಿ. ನಾಯ್ಡು ಅವರು ಒಂದೇ ಒಂದು ಬಸ್ಸನ್ನು ಕೊಂಡು, ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸಿದ ಸೀಮೆ ಇದು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದ ಮೇಲೆ ಬಾವಿಗೆ ಬೇಕಾದ ಪಂಪು, ಪಂಪಿಗೆ ಬೇಕಾದ ಮೋಟಾರು ಇಲ್ಲಿಯೇ ತಯಾರಾಗತೊಡಗಿದವು. ಮಗ್ಗದ ಮನೆಯವರಾಗಲಿ, ತೆಂಗಿನ ತೋಟದವರಾಗಲಿ, ಕೆಟ್ಟ ಯಂತ್ರವನ್ನು ಬಿಚ್ಚಿ ನೋಡುವ ಧೈರ್ಯ ನಮ್ಮವರಿಗೆ ಬೆಳೆಯುತ್ತಲೇ ಬಂದಿದೆ. ಈ ಧೈರ್ಯ ಒಳ್ಳೆಯದೇ. ಆದರೆ ಈಗ ನಮ್ಮ ಅಂಗಳಗಳಲ್ಲಿ ಬಂದು ನಿಂತಿರುವ ಟರ್ಬೋ ಪೆಟ್ರೋಲ್ ಕಾರಿನ ಮುಂದೆ ಧೈರ್ಯವೊಂದೇ ಸಾಲದು, ಅಳತೆಯೂ ಬೇಕು.

ಕೆಲವು ವರ್ಷಗಳ ಹಿಂದೆ ಹಳ್ಳಿಯಲ್ಲಿ ಕಾರು ಎಂದರೆ ಹೆಚ್ಚಾಗಿ ಡೀಸೆಲ್ ಕಾರೇ. ಡೀಸೆಲ್ ಎಂಜಿನಿಗೂ ಟರ್ಬೋ ಉಂಟು. ಆದರೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗು ಅದಕ್ಕಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. 2020ರ ಏಪ್ರಿಲ್ 1ರಿಂದ ಬಿ. ಎಸ್. 6 ಹೊಗೆ ನಿಯಮ ಜಾರಿಗೆ ಬಂದಾಗ ಮಾರುತಿ ಕಂಪೆನಿಯು ಡೀಸೆಲ್ ಕಾರುಗಳನ್ನು ಮಾಡುವುದನ್ನೇ ನಿಲ್ಲಿಸಿತು. ಇತ್ತ 2017ರಲ್ಲಿ ಬಂದ ಟಾಟಾ ನೆಕ್ಸಾನ್, 2019ರ ಹ್ಯುಂಡೈ ವೆನ್ಯೂ, 2023ರ ಮಾರುತಿ ಫ್ರಾಂಕ್ಸ್ ಮುಂತಾದ ಕಾರುಗಳಲ್ಲಿ ಮೂರು ಸಿಲಿಂಡರಿನ ಟರ್ಬೋ ಪೆಟ್ರೋಲ್ ಎಂಜಿನುಗಳು ನಮ್ಮ ಕಡೆಗೂ ಬಂದವು. ಹೀಗಾಗಿ ನಮ್ಮ ಓದುಗರಲ್ಲಿ ಅನೇಕರಿಗೆ ಕಾರಿನ ಪ್ಲಗ್ಗಿನ ಪರಿಚಯವೇ ಇಲ್ಲ. ಪರಿಚಯವಿರುವುದು ಮೊಪೆಡ್ಡಿನ ಪ್ಲಗ್ಗು, ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನ ಪ್ಲಗ್ಗು. ಅವನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಕಲ್ಲಿಗೆ ತಟ್ಟಿ ಸಂದು ಸರಿಮಾಡಿ, ಕೈಬಲವಿದ್ದಷ್ಟೂ ಬಿಗಿದು ಓಡಿಸುವುದು ರೂಢಿ. ಈ ರೂಢಿಯನ್ನು ಟರ್ಬೋ ಕಾರಿಗೆ ತಂದರೆ ಕೇಡು ತಪ್ಪಿದ್ದಲ್ಲ.

ಕಿಡಿಗೂ ಒತ್ತಡಕ್ಕೂ ಇರುವ ಸಂಬಂಧ

ಕಮ್ಮಾರನು ತಿದಿ ಒತ್ತಿದಾಗ ಕೆಂಡ ಹೇಗೆ ಉರಿಯುತ್ತದೆಂಬುದು ಎಲ್ಲರಿಗೂ ತಿಳಿದಿದೆ. ಟರ್ಬೋ ಎಂಬುದು ಎಂಜಿನಿನ ತಿದಿ. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು 1905ರಲ್ಲಿಯೇ ಈ ಉಪಾಯಕ್ಕೆ ಪೇಟೆಂಟು ಪಡೆದಿದ್ದರು. ಚಿಕ್ಕ ಎಂಜಿನು ದೊಡ್ಡ ಎಂಜಿನಿನಷ್ಟು ಎಳೆಯುವುದು ಇದರಿಂದಲೇ.

ಆದರೆ ಗಾಳಿ ಒತ್ತಾದಷ್ಟೂ ಅದರೊಳಗೆ ಕಿಡಿ ಹಾರುವುದು ಕಷ್ಟ. ತೆರೆದ ಗಾಳಿಯಲ್ಲಿ ಸುಲಭವಾಗಿ ನೆಗೆಯುವ ಕಿಡಿಗೆ ಒತ್ತಡದ ಸಿಲಿಂಡರಿನಲ್ಲಿ ಇಪ್ಪತ್ತು ಮೂವತ್ತು ಸಾವಿರ ವೋಲ್ಟು ಬೇಕಾಗಬಹುದು. ಅದಕ್ಕಾಗಿಯೇ ಟರ್ಬೋ ಎಂಜಿನಿನ ಪ್ಲಗ್ಗಿನಲ್ಲಿ ಎರಡು ತುದಿಗಳ ನಡುವಿನ ಸಂದನ್ನು ಕಿರಿದಾಗಿ, ಹೆಚ್ಚಾಗಿ 0.6ರಿಂದ 0.8 ಮಿಲಿಮೀಟರಿನಷ್ಟು ಇಟ್ಟಿರುತ್ತಾರೆ. ಓಡಿದಂತೆಲ್ಲ ತುದಿ ಸವೆಯುತ್ತದೆ, ಸಂದು ಹಿಗ್ಗುತ್ತದೆ. ಆಗ ಸಮತಟ್ಟು ರಸ್ತೆಯಲ್ಲಿ ಯಾವ ತೊಂದರೆಯೂ ಕಾಣದು. ಏರಿನಲ್ಲಿ ಟರ್ಬೋ ಪೂರ್ಣವಾಗಿ ಊದಿದಾಗ ಕಿಡಿ ತಪ್ಪುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ ಮಿಸ್ಸಿಂಗ್ ಎನ್ನುವುದು.

ನಮ್ಮ ಊರಿನ ತೆಂಗು ಬೆಳೆಗಾರರೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದು, "ಮೇಷ್ಟ್ರೇ, ಪೊಳ್ಳಾಚಿ ರಸ್ತೆಯಲ್ಲಿ ಗಾಡಿ ಹೂವಿನ ಹಾಗೆ ಹೋಗ್ತದೆ. ದಿಂಬಂ ಹತ್ತುವಾಗ ಮಾತ್ರ ಜಗ್ಗಿ ಜಗ್ಗಿ ನಿಲ್ತದೆ. ಪೆಟ್ರೋಲಿನಲ್ಲಿ ನೀರು ಸೇರಿದೆಯೋ ಏನೋ" ಎಂದರು. ಮದುವೆ, ಹಬ್ಬಗಳಿಗೆ ಚಾಮರಾಜನಗರ, ಮೈಸೂರು ಕಡೆಯ ನೆಂಟರ ಮನೆಗೆ ಹೋಗುವ ನಮಗೆಲ್ಲ ಬಣ್ಣಾರಿಯಿಂದ ಮೇಲೆ ದಿಂಬಂ ಘಾಟಿಯ 27 ತಿರುವುಗಳು ಗೊತ್ತು. ಮಕ್ಕಳುಮರಿ ತುಂಬಿದ ಕಾರು ಅಂಥ ತಿರುವಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಬಲ ಕಳೆದುಕೊಂಡು ನಿಂತರೆ ಏನಾದೀತೆಂಬುದನ್ನು ಬರೆಯಬೇಕಾಗಿಲ್ಲ. ಅವರ ಕಾರಿನ ಪೆಟ್ರೋಲು ಸರಿಯಾಗಿಯೇ ಇತ್ತು. ಸವೆದಿದ್ದುದು ಪ್ಲಗ್ಗು. ಮೂರೂ ಪ್ಲಗ್ಗುಗಳನ್ನು ಬದಲಿಸಿದ ಮೇಲೆ ಕಾರು ಘಾಟಿಯನ್ನು ಸಲೀಸಾಗಿ ಹತ್ತಿತು.

ಇನ್ನೊಂದು ನಷ್ಟವೂ ಉಂಟು. ಕಿಡಿ ತಪ್ಪಿದಾಗ ಉರಿಯದೆ ಉಳಿದ ಪೆಟ್ರೋಲು ಹೊಗೆ ಕೊಳವೆಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಹೊಗೆಯನ್ನು ಶುದ್ಧಮಾಡುವ ಆ ಭಾಗ ಅತಿಯಾದ ಕಾವಿಗೆ ಕರಗಿ ಹಾಳಾಗುತ್ತದೆ. ಪ್ಲಗ್ಗಿನ ಖರ್ಚು ನೂರುಗಳ ಲೆಕ್ಕ; ಕನ್ವರ್ಟರಿನದು ಹತ್ತಾರು ಸಾವಿರದ ಲೆಕ್ಕ. ಓಡುವಾಗ ಎಂಜಿನಿನ ಹಳದಿ ದೀಪ ಮಿನುಗತೊಡಗಿದರೆ ವೇಗ ತಗ್ಗಿಸಿ, ಕ್ಷೇಮವಾದ ಸ್ಥಳ ಸಿಕ್ಕೊಡನೆ ನಿಲ್ಲಿಸತಕ್ಕದ್ದು.

ಕೊಳ್ಳುವ ಮುನ್ನ

ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಸಾಧಾರಣ ನಿಕ್ಕಲ್ ತುದಿಯ ಪ್ಲಗ್ಗುಗಳಿಗೆ ಸುಮಾರು 30ರಿಂದ 40 ಸಾವಿರ ಕಿಲೋಮೀಟರು ಆಯುಸ್ಸು. ಇರಿಡಿಯಂ ತುದಿಯವು ಇದರ ಎರಡರಷ್ಟು, ಕೆಲವು ಅದಕ್ಕಿಂತಲೂ ಹೆಚ್ಚು ಬಾಳುತ್ತವೆ. ನೆರೆಯವರ ಕಾರಿನ ಲೆಕ್ಕ ನಮ್ಮ ಕಾರಿಗೆ ಹೊಂದದು. ಪುಸ್ತಕ ಇಂಗ್ಲಿಷಿನಲ್ಲಿದೆ ಎಂದು ಪೆಟ್ಟಿಗೆಯಲ್ಲೇ ಇಡಬಾರದು. ಹೈಸ್ಕೂಲಿಗೆ ಹೋಗುವ ಮಗನನ್ನೋ ಮಗಳನ್ನೋ ಕೂರಿಸಿ ಓದಿಸಿದರೆ ಇಬ್ಬರಿಗೂ ಲಾಭ.

ಪುಸ್ತಕದಲ್ಲಿ ಹೇಳಿದ ನಂಬರಿನ ಪ್ಲಗ್ಗನ್ನೇ ಕೊಳ್ಳಬೇಕು. ನಂಬರಿನಲ್ಲಿ ಪ್ಲಗ್ಗು ಕಾವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬ ಗುಟ್ಟು ಅಡಗಿದೆ. ಬೇಗ ಬಿಟ್ಟುಕೊಡುವುದನ್ನು ತಂಪು ಪ್ಲಗ್ಗು, ನಿಧಾನವಾಗಿ ಬಿಡುವುದನ್ನು ಬಿಸಿ ಪ್ಲಗ್ಗು ಎನ್ನುತ್ತಾರೆ. ಟರ್ಬೋ ಎಂಜಿನಿಗೆ ಸಾಮಾನ್ಯವಾಗಿ ತಂಪು ಪ್ಲಗ್ಗೇ ಬೇಕು. ಬಿಸಿ ಪ್ಲಗ್ಗು ಹಾಕಿದರೆ ಅದರ ತುದಿ ಕೆಂಡದಂತೆ ಕಾದು, ಕಿಡಿಗೆ ಮೊದಲೇ ಪೆಟ್ರೋಲನ್ನು ಹೊತ್ತಿಸಿ ಪಿಸ್ಟನನ್ನೇ ತೂತುಮಾಡಬಹುದು. ಇಲ್ಲಿ ಒಂದು ಎಚ್ಚರಿಕೆ. ಎನ್. ಜಿ. ಕೆ. ಕಂಪೆನಿಯ ಪ್ಲಗ್ಗಿನಲ್ಲಿ ಅಂಕಿ ದೊಡ್ಡದಾದಷ್ಟೂ ತಂಪು. ಬಾಷ್ ಕಂಪೆನಿಯದರಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ. ಆದ್ದರಿಂದ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಿ ಕೊಳ್ಳುವುದು ಕೂಡದು. ಹಿರಿಯರು ಇಂದಿಗೂ "ಮೈಕೋ ಪ್ಲಗ್ಗು" ಎಂದು ಕೇಳುವುದುಂಟು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಆ ಮೈಕೋ ಕಂಪೆನಿಯೇ 2008ರಿಂದ ಬಾಷ್ ಎಂಬ ಹೆಸರನ್ನು ತಳೆದಿದೆ.

ಬಿಲ್ಲು ಕೊಡುವ, ಗುರುತಿರುವ ಅಂಗಡಿಯಲ್ಲಿಯೇ ಕೊಳ್ಳಬೇಕು. ಇರಿಡಿಯಂ ಪ್ಲಗ್ಗಿನ ನಡುತುದಿ ಸೂಜಿಯಷ್ಟು ಸಣ್ಣದು. ಅದಕ್ಕೆ ಉಪ್ಪುಕಾಗದ, ತಂತಿ ಬ್ರಷ್ಷು ಸೋಕಿಸಬಾರದು. ತಟ್ಟಿ ಸಂದು ಕಿರಿದುಮಾಡುವ ಪ್ರಯತ್ನವೂ ಬೇಡ. ನೆಲಕ್ಕೆ ಬಿದ್ದ ಪ್ಲಗ್ಗಿನ ಪಿಂಗಾಣಿ ಕಣ್ಣಿಗೆ ಕಾಣದಂತೆ ಸೀಳಿರಬಹುದಾದ್ದರಿಂದ ಅದನ್ನು ಬಳಸದಿರುವುದೇ ಲೇಸು.

ಬೇಕಾದ ಸಾಮಾನು

ಪ್ಲಗ್ಗಿನ ಅಳತೆಯ 14 ಅಥವಾ 16 ಮಿಲಿಮೀಟರಿನ ಸಾಕೆಟ್ಟು (ಒಳಗೆ ರಬ್ಬರೋ ಅಯಸ್ಕಾಂತವೋ ಇರುವಂಥದು), ಉದ್ದನೆಯ ಎಕ್ಸ್‌ಟೆನ್ಷನ್, ರ್ಯಾಚೆಟ್ಟು, 10 ಮಿಲಿಮೀಟರಿನ ಸಾಕೆಟ್ಟು, ಸ್ಕ್ರೂಡ್ರೈವರು, ಶುದ್ಧವಾದ ಬಟ್ಟೆ, ಗಾಳಿ ಹೊಡೆಯುವ ಪಂಪು. ಇವೆಲ್ಲಕ್ಕಿಂತ ಮುಖ್ಯವಾದುದು ಟಾರ್ಕ್ ವ್ರೆಂಚು. ಬೇಕಾದಷ್ಟು ಬಿಗಿತಕ್ಕೆ ಬಂದೊಡನೆ "ಟಿಕ್" ಎಂದು ತಿಳಿಸುವ ಉಪಕರಣವಿದು. ಒಂದು ಮನೆಗೆ ಇದು ದುಬಾರಿ ಎನಿಸಿದರೆ ಐದಾರು ಮನೆಯವರು ಸೇರಿ ಒಂದನ್ನು ಕೊಳ್ಳಬಹುದು. ವರ್ಷಕ್ಕೆ ಒಂದೆರಡು ಸಲ ಬೇಕಾಗುವ ಸಾಮಾನನ್ನು ಮನೆಮನೆಯಲ್ಲಿ ಇಡಬೇಕೆಂದೇನಿಲ್ಲ.

ಬದಲಿಸುವ ಕ್ರಮ

ಎಂಜಿನು ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಗ್ಗೆ ಮುಟ್ಟುವುದು ಉತ್ತಮ. ಬಿಸಿಯಾಗಿರುವಾಗ ಪ್ಲಗ್ಗು ಬಿಚ್ಚಿದರೆ ಅಲ್ಯುಮಿನಿಯಂ ಹೆಡ್ಡಿನ ತಿರುಪಿನ ಗೆರೆಗಳು ಕಿತ್ತುಬರಬಹುದು. ಟರ್ಬೋ ಭಾಗ ಕೈ ಸುಡುವುದಂತೂ ಖಂಡಿತ. ಕೀಲಿಯನ್ನು ತೆಗೆದು ಮನೆಯೊಳಗಿಡಬೇಕು. ಆಷಾಢದಲ್ಲಿ ಪಾಲ್ಘಾಟ್ ಕಣಿವೆಯಿಂದ ಬೀಸುವ ಗಾಳಿ ಪಲ್ಲಡಂ, ಉಡುಮಲೈಪೇಟೆ ಕಡೆ ಎಷ್ಟು ಮಣ್ಣು ಎಬ್ಬಿಸುತ್ತದೆಂಬುದು ತಿಳಿದೇ ಇದೆ. ಅಂಥ ದಿನ ಬಯಲಿನಲ್ಲಿ ಈ ಕೆಲಸ ಮಾಡಬಾರದು. ತೆಂಗಿನ ನಾರಿನ ಧೂಳಿರುವ ಕೊಟ್ಟಿಗೆಯೂ ತಕ್ಕ ಸ್ಥಳವಲ್ಲ.

ಮೊದಲು ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆಯಬೇಕು. ಕೆಲವು ಕಾರುಗಳಲ್ಲಿ ಟರ್ಬೋದ ಗಾಳಿ ಕೊಳವೆ ಅಡ್ಡಲಾಗಿರುತ್ತದೆ. ಅದನ್ನು ಬಿಚ್ಚಿದರೆ ತೆರೆದ ಬಾಯಿಗಳಿಗೆ ಕೂಡಲೇ ಶುದ್ಧ ಬಟ್ಟೆಯನ್ನು, ಒಂದು ಭಾಗ ಹೊರಗೆ ಕಾಣುವಂತೆ ತುರುಕಬೇಕು. ಟರ್ಬೋ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಒಂದು ಚಿಕ್ಕ ನಟ್ಟು ಒಳಗೆ ಬಿದ್ದರೂ ಚಕ್ರ ಚೂರಾಗುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ತೆಗೆಯಲು ಮರೆಯಬಾರದು.

ಪ್ರತಿಯೊಂದು ಪ್ಲಗ್ಗಿನ ಮೇಲೆಯೂ ಒಂದೊಂದು ಇಗ್ನಿಷನ್ ಕಾಯಿಲ್ ಕುಳಿತಿರುತ್ತದೆ. ಅದರ ವೈರಿನ ಕೊಂಡಿಯನ್ನು ಒತ್ತಿ ಬಿಡಿಸಿ, ಬೋಲ್ಟು ತೆಗೆದು, ಕಾಯಿಲನ್ನು ಸ್ವಲ್ಪ ಅತ್ತಿತ್ತ ತಿರುಗಿಸಿ ನೇರವಾಗಿ ಮೇಲಕ್ಕೆ ಎತ್ತಬೇಕು. ವೈರು ಹಿಡಿದು ಎಳೆಯಬಾರದು. ಒಂದು ಸಿಲಿಂಡರಿನ ಕೆಲಸ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದರೆ ಅದಲುಬದಲಾಗುವ ಭಯವಿಲ್ಲ. ಪ್ಲಗ್ಗು ಬಿಚ್ಚುವ ಮುನ್ನ ಕುಳಿಯಲ್ಲಿರುವ ಧೂಳನ್ನು ಗಾಳಿಯಿಂದ ಊದಿ ತೆಗೆಯಬೇಕು. ಇಲ್ಲವಾದರೆ ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ.

ಹಳೆಯ ಪ್ಲಗ್ಗನ್ನು ರ್ಯಾಚೆಟ್ಟಿನಿಂದ ನಿಧಾನವಾಗಿ ಸಡಿಲಿಸಬೇಕು. ಟಾರ್ಕ್ ವ್ರೆಂಚನ್ನು ಬಿಚ್ಚಲು ಬಳಸಿದರೆ ಅದರ ಅಳತೆ ಕೆಡುತ್ತದೆ. ಹೊಸ ಪ್ಲಗ್ಗಿನ ಸಂದನ್ನು ಒಮ್ಮೆ ನೋಡಿಕೊಂಡು, ಸಾಕೆಟ್ಟಿನಲ್ಲಿಟ್ಟು ಮೆಲ್ಲಗೆ ಇಳಿಸಬೇಕು. ಮುಂದೆ ರ್ಯಾಚೆಟ್ಟು ಹಾಕದೆ, ಬರೀ ಬೆರಳಿನಿಂದ ಎಕ್ಸ್‌ಟೆನ್ಷನ್ನನ್ನು ತಿರುಗಿಸಬೇಕು. ತಿರುಪು ಸರಿಯಾಗಿ ಕೂತರೆ ಪ್ಲಗ್ಗು ಬೆರಳಿಗೇ ಕೊನೆಯವರೆಗೆ ಇಳಿಯುತ್ತದೆ. ನಡುವೆ ಬಿಗಿಯಾದರೆ ಓರೆಯಾಗಿದೆ ಎಂದರ್ಥ. ಹಿಂದಕ್ಕೆ ತೆಗೆದು ಮತ್ತೆ ಕೂರಿಸಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ತಿರುಪಿಗೆ ಗ್ರೀಸು, ಎಣ್ಣೆ ಹಚ್ಚಬಾರದು. ಹಚ್ಚಿದರೆ ಬಿಗಿತದ ಅಳತೆ ತಪ್ಪುತ್ತದೆ.

ಇನ್ನು ಬಿಗಿಯುವುದು. ಪುಸ್ತಕದಲ್ಲಿ ಕೊಟ್ಟ ಅಳತೆಯೇ ಪ್ರಮಾಣ. ಅಲ್ಯುಮಿನಿಯಂ ಹೆಡ್ಡಿನಲ್ಲಿ 12 ಮಿಲಿಮೀಟರಿನ ತಿರುಪಿಗೆ ಹೆಚ್ಚಾಗಿ 15ರಿಂದ 20 ನ್ಯೂಟನ್ ಮೀಟರು, 14 ಮಿಲಿಮೀಟರಿನದಕ್ಕೆ 25ರಿಂದ 30 ಇರುತ್ತದೆ. 20 ನ್ಯೂಟನ್ ಮೀಟರು ಎಂದರೇನು? 20 ಸೆಂಟಿಮೀಟರು ಉದ್ದದ ಹಿಡಿಯ ತುದಿಗೆ ಸುಮಾರು 10 ಕಿಲೋ ತೂಗುಹಾಕಿದಷ್ಟು ಬಲ. ಪಂಪ್‌ಸೆಟ್ಟಿನ ಬೋಲ್ಟು ಬಿಗಿದ ಕೈಗೆ ಇದು ಏನೂ ಅಲ್ಲವೆನಿಸುತ್ತದೆ. "ಇನ್ನೊಂದು ಎಳೆತ ಇರಲಿ" ಎಂಬ ಆಸೆಯೇ ಹೆಡ್ಡಿನ ತಿರುಪನ್ನು ಕೀಳುವುದು. ಸಡಿಲ ಬಿಟ್ಟರೂ ತಪ್ಪೇ; ಪ್ಲಗ್ಗಿನ ಕಾವು ಹೆಡ್ಡಿಗೆ ಇಳಿಯದೆ ತುದಿ ಸುಡುತ್ತದೆ.

ಕಾಯಿಲನ್ನು ನೇರವಾಗಿ ಒತ್ತಿ ಕೂರಿಸಿ, ಬೋಲ್ಟು ಹಾಕಿ, ಕೊಂಡಿ "ಟಕ್" ಎನ್ನುವವರೆಗೆ ಸೇರಿಸಬೇಕು. ಗಾಳಿ ಕೊಳವೆಯ ಕ್ಲಿಪ್ಪುಗಳು ಭದ್ರವಾಗಿರಲಿ; ಸಡಿಲವಾದರೆ ಟರ್ಬೋ ಊದಿದ ಗಾಳಿ ಸೋರಿ ಬಲ ಕುಗ್ಗುತ್ತದೆ.

ಹಳೆಯ ಪ್ಲಗ್ಗು ಹೇಳುವ ಮಾತು

ತೆಗೆದ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲಿಯೇ ಕಾಗದದ ಮೇಲೆ ಇಟ್ಟು ನೋಡಬೇಕು. ಎಲೆಯ ಬಣ್ಣ ನೋಡಿ ಗಿಡದ ರೋಗ ಹೇಳುವವರಿಗೆ ಇದು ಕಷ್ಟವಲ್ಲ. ತುದಿ ತಿಳಿಗಂದಾಗಿದ್ದರೆ ಎಂಜಿನು ಆರೋಗ್ಯವಾಗಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರನ್ನು ನೋಡಬೇಕು. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲು ಒಳಸೇರುತ್ತಿದೆ. ಬೆಳ್ಳಗೆ ಬೊಬ್ಬೆ ಎದ್ದಿದ್ದರೆ, ಪಿಂಗಾಣಿ ಒಡೆದಿದ್ದರೆ ಅತಿ ಕಾವು ಅಥವಾ ಹೊತ್ತಿಗೆ ಮುನ್ನವೇ ಹೊತ್ತಿಕೊಳ್ಳುವ ದೋಷ. ಈ ಕೊನೆಯ ಎರಡನ್ನು ಕಂಡರೆ ಹೊಸ ಪ್ಲಗ್ಗು ಹಾಕಿ ಸುಮ್ಮನಾಗದೆ ಬಲ್ಲ ಮೆಕ್ಯಾನಿಕ್ಕಿಗೆ ತೋರಿಸತಕ್ಕದ್ದು. ದೊಡ್ಡ ಗೇರಿನಲ್ಲಿ ಕಡಿಮೆ ವೇಗದಲ್ಲಿ ಆಕ್ಸಲರೇಟರನ್ನು ಪೂರ್ತಿ ತುಳಿಯುವ ಚಾಳಿಯೂ ಈ ದೋಷಕ್ಕೆ ಕಾರಣವಾಗುತ್ತದೆ. ಏರು ಬಂದಾಗ ಗೇರು ಇಳಿಸುವುದು ಎಂಜಿನಿಗೆ ಹಿತ.

ಎಲ್ಲಿ ಕೈ ಹಾಕಬಾರದು

ವಾರಂಟಿ ಮುಗಿಯದ ಕಾರನ್ನು ಕಂಪೆನಿಯ ಸರ್ವಿಸಿಗೆ ಕೊಡುವುದೇ ಒಳ್ಳೆಯದು. ಪ್ಲಗ್ಗು ಬಿಚ್ಚಲು ಅತಿಯಾದ ಬಲ ಬೇಕಾದರೆ, ತುಂಡಾಗುವ ಮುನ್ನವೇ ನಿಲ್ಲಿಸಬೇಕು. ಸಿಲಿಂಡರಿನೊಳಕ್ಕೆ ನೇರವಾಗಿ ಪೆಟ್ರೋಲು ಚಿಮ್ಮಿಸುವ ಎಂಜಿನುಗಳಲ್ಲಿ ಉಕ್ಕಿನ ಪೆಟ್ರೋಲ್ ಕೊಳವೆಯೊಳಗೆ ಭಾರಿ ಒತ್ತಡವಿರುತ್ತದೆ. ಅದರ ನಟ್ಟುಗಳನ್ನು ಎಂದೂ ಮುಟ್ಟಕೂಡದು. ಹೊಸ ಪ್ಲಗ್ಗು ಹಾಕಿದ ಮೇಲೂ ಮಿಸ್ಸಿಂಗ್ ನಿಲ್ಲದಿದ್ದರೆ ದೋಷ ಕಾಯಿಲಿನದೋ ಬೇರೆಯದೋ ಆಗಿರಬಹುದು. ಅದನ್ನು ಸ್ಕ್ಯಾನರ್ ಯಂತ್ರವಿರುವಲ್ಲಿ ಪರೀಕ್ಷಿಸಬೇಕು.

ಕೆಲಸ ಮುಗಿದ ದಿನ, ಹಸು ಕರು ಹಾಕಿದ್ದು, ಗೊಬ್ಬರ ಕೊಟ್ಟಿದ್ದು ಬರೆದಿಡುವ ಲೆಕ್ಕದ ಪುಸ್ತಕದಲ್ಲಿಯೇ ತಾರೀಖು, ಕಿಲೋಮೀಟರು, ಪ್ಲಗ್ಗಿನ ನಂಬರು, ಬಿಗಿದ ಅಳತೆ ಇವಿಷ್ಟನ್ನೂ ಕನ್ನಡದಲ್ಲಿ ಬರೆದಿಡಿ. ಮುಂದಿನ ಸಲ ಈ ಕೆಲಸಕ್ಕೆ ಮನೆಯಲ್ಲಿ ಯಾರು ಕೂತರೂ ಆ ನಾಲ್ಕು ಸಾಲು ಅವರಿಗೆ ದಾರಿ ತೋರಿಸುತ್ತವೆ.