ಹಡಗಿನ ಒಡಲಿನ ನೀರು

ಹೊಸದುರ್ಗದ ಸೀಮೆಯಲ್ಲಿ ಹೊಲದ ಬದುವಿನಿಂದ ಹಿಡಿದು ರಸ್ತೆಯ ಅಂಚಿನವರೆಗೆ ಪಾರ್ಥೇನಿಯಂ ಎಂಬ ಕಳೆ ಹಬ್ಬಿರುವುದನ್ನು ನೀವು ಕಂಡಿದ್ದೀರಿ. ಅಮೆರಿಕ ಖಂಡದ ಈ ಗಿಡವು 1950ರ ದಶಕದಲ್ಲಿ ಆಮದಾದ ಗೋಧಿಯೊಡನೆ ನಮ್ಮ ದೇಶವನ್ನು ಹೊಕ್ಕಿತೆಂದು ಹೇಳುತ್ತಾರೆ. ಯಾರೂ ಬಯಸಿ ಬಿತ್ತದ ಈ ಕಳೆಯನ್ನು ನಿರ್ಮೂಲ ಮಾಡುವುದು ಇಂದಿಗೂ ಸಾಧ್ಯವಾಗಿಲ್ಲ. ನೆಲದ ಮೇಲೆ ನಡೆದ ಇಂತಹ ಅನರ್ಥವು ಕಡಲಿನಲ್ಲಿಯೂ ನಡೆಯುತ್ತದೆ. ಅಲ್ಲಿ ಅದಕ್ಕೆ ದಾರಿಯಾಗುವುದು ಹಡಗಿನ ಒಡಲಿನಲ್ಲಿರುವ ನೀರು.

ಸರಕಿಲ್ಲದ ಹಡಗು ಹಗುರವಾಗಿ ಅಲೆಗಳ ಮೇಲೆ ಹೊಯ್ದಾಡುತ್ತದೆ. ಅದನ್ನು ಸ್ಥಿರವಾಗಿ ನಿಲ್ಲಿಸಲು ಅದರ ತೊಟ್ಟಿಗಳಿಗೆ ಸಮುದ್ರದ ನೀರನ್ನು ತುಂಬುತ್ತಾರೆ. ಇದೇ ನಿಲುಭಾರದ ನೀರು. ಸರಕನ್ನು ತುಂಬುವಾಗ ಈ ನೀರನ್ನು ಹೊರಚೆಲ್ಲುತ್ತಾರೆ. 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಅಗೆದ ಕಬ್ಬಿಣದ ಅದಿರು ನವಮಂಗಳೂರು ಬಂದರಿನಿಂದ ಹೊರದೇಶಗಳಿಗೆ ಹೋಗುತ್ತಿತ್ತು. ಅಂತಹ ಸರಕಿಗಾಗಿ ಬರಿದಾಗಿ ಬರುವ ಹಡಗು ಅದಿರನ್ನು ಒಯ್ಯುತ್ತದೆ. ದೂರದ ನೀರನ್ನು ಬಿಟ್ಟುಹೋಗುತ್ತದೆ. ಆ ನೀರಿನಲ್ಲಿ ಮೀನು, ಚಿಪ್ಪುಜೀವಿಗಳ ಮರಿಗಳೂ, ಪಾಚಿಯೂ, ರೋಗಾಣುಗಳೂ ಇರಬಹುದು. ಯುರೋಪಿನ ಕಡೆಯ ಪಟ್ಟೆಚಿಪ್ಪಿನ ಜೀವಿಯೊಂದು ಹೀಗೆಯೇ ಅಮೆರಿಕದ ಮಹಾಸರೋವರಗಳನ್ನು ಸೇರಿತು. 1988ರಲ್ಲಿ ಅಲ್ಲಿ ಪತ್ತೆಯಾದ ಅದು ಬೇಗನೆ ಹೆಚ್ಚಿ, ಕುಡಿಯುವ ನೀರಿನ ಕೊಳವೆಗಳಿಗೂ ವಿದ್ಯುದಾಗಾರಗಳ ಕೊಳವೆಗಳಿಗೂ ಅಡ್ಡವಾಯಿತು.

ಈ ಅಪಾಯವನ್ನು ತಡೆಯಲು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 2004ರಲ್ಲಿ ಒಂದು ಒಪ್ಪಂದವನ್ನು ಅಂಗೀಕರಿಸಿತು. ಅದು ಜಾರಿಗೆ ಬಂದುದು 2017ರ ಸೆಪ್ಟೆಂಬರ್ 8ರಂದು. ಹಳೆಯ ಹಡಗುಗಳಿಗೆ 2024ರ ಸೆಪ್ಟೆಂಬರ್ 8ರವರೆಗೆ ಹಂತಹಂತವಾಗಿ ಕಾಲಾವಕಾಶ ದೊರೆಯಿತು. ಹೊರಬಿಡುವ ಒಂದು ಘನಮೀಟರು ನೀರಿನಲ್ಲಿ 50 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡದಾದ ಜೀವಿಗಳು ಜೀವಂತವಾಗಿ ಹತ್ತಕ್ಕಿಂತ ಕಡಿಮೆ ಇರಬೇಕೆಂಬುದು ಅದರ ಒಂದು ನಿಯಮ.

ಕಾಯಿದೆಯನ್ನು ಬರೆದ ಮಾತ್ರಕ್ಕೆ ನೀರು ಶುದ್ಧವಾಗದು. ಅದಕ್ಕೆ ತಕ್ಕ ಯಂತ್ರ ಬೇಕು. ಯಂತ್ರದಲ್ಲಿ ನೀರು ಮೊದಲು ಸೂಕ್ಷ್ಮವಾದ ಸೋಸುಕದ ಮೂಲಕ ಹಾಯುತ್ತದೆ. ಉಳಿದ ಜೀವಿಗಳನ್ನು ಕೆಲವು ಯಂತ್ರಗಳು ಅತಿನೇರಳೆ ಕಿರಣಗಳಿಂದ ನಿಷ್ಕ್ರಿಯಗೊಳಿಸುತ್ತವೆ. ಇನ್ನು ಕೆಲವು ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿ, ಅದರಿಂದಲೇ ಕ್ಲೋರಿನ್ ಅನ್ನು ಉತ್ಪಾದಿಸುತ್ತವೆ. ಉಳಿದ ಕ್ಲೋರಿನ್ ಕಡಲಿಗೆ ಹಾನಿಮಾಡದಂತೆ, ನೀರನ್ನು ಹೊರಬಿಡುವ ಮೊದಲು ಅದನ್ನು ನಿವಾರಿಸಬೇಕಾಗುತ್ತದೆ.

ಹೊಸ ಹಡಗಿನಲ್ಲಿ ಯಂತ್ರಕ್ಕೆ ಮೊದಲೇ ಸ್ಥಳ ಗೊತ್ತುಮಾಡಬಹುದು. ಹಳೆಯ ಹಡಗಿನ ಯಂತ್ರಕೋಣೆಯಾದರೋ ಕೊಳವೆ, ಪಂಪು, ತಂತಿಗಳಿಂದ ಇಕ್ಕಟ್ಟಾಗಿರುತ್ತದೆ. ಅಲ್ಲಿ ಇಂಚಿಂಚನ್ನೂ ಅಳೆದು ನಕ್ಷೆ ಬರೆಯಬೇಕು. ಹೆಚ್ಚಿನ ವಿದ್ಯುತ್ತು ದೊರೆಯುವುದೇ ಎಂದು ಲೆಕ್ಕಹಾಕಬೇಕು. ಡ್ರೈಡಾಕ್ ಎಂಬ ನೀರಿಲ್ಲದ ಕಟ್ಟೆಗೆ ಹಡಗು ನಿಯತಕಾಲದ ದುರಸ್ತಿಗೆ ಬಂದಾಗ ಹಳೆಯ ಕೊಳವೆಗಳನ್ನು ಕತ್ತರಿಸಿ ಹೊಸದನ್ನು ಬೆಸೆಯುವುದೇ ಅನುಕೂಲ. ಹಡಗು ನಿಂತಷ್ಟು ದಿನವೂ ಒಡೆಯನಿಗೆ ನಷ್ಟವೇ ಸರಿ.

ಈ ವೆಚ್ಚದಿಂದ ಹಡಗಿನ ವೇಗವೂ ಹೆಚ್ಚದು, ಸರಕೂ ಹೆಚ್ಚದು. ಅದರ ಫಲವು ಹಡಗಿನವರು ಎಂದೂ ಕಾಣದ ಯಾವುದೋ ತೀರದ ಬೆಸ್ತರಿಗೆ ಸಲ್ಲುತ್ತದೆ. ತನ್ನ ವ್ಯಾಪಾರದಿಂದ ಪರರಿಗೆ ಒದಗಬಹುದಾದ ಕೇಡನ್ನು ತನ್ನ ಖರ್ಚಿನಲ್ಲಿಯೇ ತಡೆಯುವುದು ಉದಾರದಾನವಲ್ಲ, ಕರ್ತವ್ಯ. ಒಮ್ಮೆ ನೆಲೆಯೂರಿದ ಜೀವಿಯನ್ನು ಕಡಲಿನಿಂದ ಹೆಕ್ಕಿ ತೆಗೆಯಲಾಗದು. ಅದು ಬಾರದಂತೆ ಬಾಗಿಲಲ್ಲಿಯೇ ತಡೆಯುವುದೊಂದೇ ನಮ್ಮ ಕೈಯಲ್ಲಿರುವ ಉಪಾಯ.